ತೋಟದ ಪಾಠ ಮೊಬೈಲಿನಲ್ಲಿ: ಕೃಷಿಕರ ಬಳಗ, ವಾಟ್ಸಾಪ್, ಯೂಟ್ಯೂಬ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಲೆನಾಡು, ಕರಾವಳಿಯ ಅಡಿಕೆ ತೋಟದವರು ಈಗ ಹೊಸದೇನಾದರೂ ಕಲಿಯಬೇಕೆಂದರೆ ಮೊದಲು ಕೈ ಹೋಗುವುದು ಮೊಬೈಲಿಗೆ. ಗ್ರೂಪಿನಲ್ಲಿ ಕೇಳುತ್ತಾರೆ, ಯೂಟ್ಯೂಬ್ ನೋಡುತ್ತಾರೆ, ಪರಿಚಯದವರಿಗೆ ಫೋನ್ ಮಾಡುತ್ತಾರೆ. ಇದರಿಂದ ತುಂಬ ಒಳ್ಳೆಯದಾಗಿದೆ, ಗೊಂದಲವೂ ಜಾಸ್ತಿಯಾಗಿದೆ. ನಾನು ಕೃಷಿಕರ ವಾಟ್ಸಾಪ್ ಬಳಗವೊಂದನ್ನು ನೋಡಿಕೊಳ್ಳುತ್ತೇನೆ. ಹೊಸದಾಗಿ ಸೇರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನಿಮ್ಮ ಬೆಳೆ ಬೇರೆಯಾದರೂ ಹೆಚ್ಚಿನ ಉತ್ತರಗಳು ನಿಮಗೂ ಹೊಂದುತ್ತವೆ.

ಮೊಬೈಲ್ ಬರುವ ಮೊದಲು ತೋಟದವರು ಹೇಗೆ ಕಲಿಯುತ್ತಿದ್ದರು?

ಜನರಿಂದಲೇ. ಅಪ್ಪ, ಅಜ್ಜ, ಪಕ್ಕದ ತೋಟದವರು, ಸೊಸೈಟಿಯಲ್ಲಿ ಸಿಗುವವರು, ಮದುವೆ ಮನೆಯಲ್ಲಿ ಊಟಕ್ಕೆ ಪಕ್ಕದಲ್ಲಿ ಕೂತವರು.

ಮಳೆಗಾಲದಲ್ಲಿ ಎಳೆ ಅಡಿಕೆ ಕೊಳೆತು ಉದುರುವ ಕೊಳೆರೋಗದ ಕತೆಯನ್ನೇ ನೋಡಿ. ಹಿಂದೆ ಮಳೆ ತಾಗದಂತೆ ಅಡಿಕೆ ಕೊನೆಗೆ (ಗೊಂಚಲಿಗೆ) ಕೊಟ್ಟೆ ಎಂಬ ಹೊದಿಕೆ ಕಟ್ಟುತ್ತಿದ್ದರು. ಮೈಲುತುತ್ತು (ಕಾಪರ್ ಸಲ್ಫೇಟ್) ಮತ್ತು ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹುಟ್ಟಿದ್ದು 1880ರ ದಶಕದಲ್ಲಿ, ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಅದನ್ನು ನಮ್ಮ ಅಡಿಕೆಗೆ ಹೊಂದಿಸಿದವರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಮುಖ್ಯರು. ಅವರು ಕೆನಡಾದವರು. ಕೊಳೆರೋಗದ ಬಗ್ಗೆ 1910ರಲ್ಲೇ ವರದಿ ಪ್ರಕಟಿಸಿದ್ದರು. ಆದರೆ ವರದಿ ಓದಿ ಔಷಧಿ ಹೊಡೆದವರು ಎಷ್ಟು ಮಂದಿ ಇದ್ದಾರು? ಪಕ್ಕದ ತೋಟದಲ್ಲಿ ಉದುರದೆ ನಿಂತ ಕಾಯಿ ನೋಡಿಯೇ ಹೆಚ್ಚಿನವರಿಗೆ ಧೈರ್ಯ ಬಂದಿರಬೇಕು.

ಇನ್ನೊಂದು ದೊಡ್ಡ ಹೆಜ್ಜೆ 1988ರಲ್ಲಿ ಪುತ್ತೂರಿನಲ್ಲಿ ಶುರುವಾದ ‘ಅಡಿಕೆ ಪತ್ರಿಕೆ’. ಶ್ರೀ ಪಡ್ರೆಯವರು ಕಟ್ಟಿ ಬೆಳೆಸಿದ ಆ ಪತ್ರಿಕೆಯ ಮಾತೇ ‘ಕೃಷಿಕರ ಕೈಗೆ ಲೇಖನಿ’. ಮಾಡಿದವರೇ ಬರೆಯಬೇಕು, ಅದನ್ನು ಮಾಡುವವರೇ ಓದಬೇಕು. ಹೀಗೆ ಸುಳ್ಯದ ಒಂದು ಪ್ರಯೋಗ ಶಿರಸಿಗೆ, ಶಿರಸಿಯ ಉಪಾಯ ತೀರ್ಥಹಳ್ಳಿಗೆ ತಲುಪಲು ಒಂದು ದಾರಿಯಾಯಿತು. ಈಗ ವಾಟ್ಸಾಪಿನಲ್ಲಿ ನಡೆಯುವ ಮಾತುಕತೆಯ ಬೇರು ಅಲ್ಲಿದೆ ಎಂದು ನಾನು ನಂಬಿದ್ದೇನೆ.

ಹಾಗಾದರೆ ಮೊಬೈಲ್ ಬಂದು ನಿಜವಾಗಿ ಏನು ಬದಲಾಯಿತು?

ಎರಡು ಸಂಗತಿ. ಒಂದು, ಉತ್ತರ ಬರುವ ವೇಗ. ಇನ್ನೊಂದು, ಕಲಿಸುವವರು ಯಾರು ಎಂಬುದು.

ಇದಕ್ಕೆ ಬಾಕಾಹು ಆಂದೋಲನಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2021, ಕೊರೊನಾದ ಎರಡನೇ ಅಲೆ. ಬಾಳೆಕಾಯಿಗೆ ರೇಟಿಲ್ಲ, ಕೊಳ್ಳುವವರೂ ಇಲ್ಲ. ಆಗ ಒಂದು ವಾಟ್ಸಾಪ್ ಬಳಗದಲ್ಲಿ ಬಾಳೆಕಾಯಿ ಹುಡಿಯ ಮಾತು ಬಂತು. ಕೇರಳದಲ್ಲಿ ಅದು ಹೊಸದೇನಲ್ಲ, ಮಕ್ಕಳಿಗೆ ಕೊಡುತ್ತಾರೆ. ನಮ್ಮಲ್ಲಿ ಹೆಚ್ಚಿನವರು ಮಾಡಿರಲಿಲ್ಲ. ತುಮಕೂರಿನ ಒಬ್ಬ ಗೃಹಿಣಿ ಮನೆಯಲ್ಲೇ ಮಾಡಿ ತೋರಿಸಿದರು. ಶ್ರೀ ಪಡ್ರೆಯವರು ಅದರ ಹಿಂದೆ ನಿಂತರು. ಬಾಳೆಕಾಯಿ ಹುಡಿ ‘ಬಾಕಾಹು’ ಆಯಿತು.

ಆಮೇಲೆ ನಡೆದದ್ದನ್ನು ಗಮನಿಸಿ. ಸಿಪ್ಪೆ ತೆಗೆ, ತೆಳ್ಳಗೆ ಹೆಚ್ಚು, ಒಣಗಿಸು, ಪುಡಿ ಮಾಡು: ಹೇಳುವುದಕ್ಕೆ ಅಷ್ಟೇ. ಮಾಡಲು ಕೂತಾಗ ಪ್ರಶ್ನೆಗಳು ಏಳುತ್ತವೆ. ಹೆಚ್ಚಿದ ಹೋಳು ಕಪ್ಪಾಗದ ಹಾಗೆ ಏನು ಮಾಡಬೇಕು? ಜೂನ್ ತಿಂಗಳಲ್ಲಿ ಬಿಸಿಲೇ ಇಲ್ಲ, ಒಣಗಿಸುವುದು ಎಲ್ಲಿ? ಯಾವ ಜಾತಿಯ ಬಾಳೆ ಒಳ್ಳೆಯದು? ದೋಸೆಗೆ ಅಕ್ಕಿಯ ಜೊತೆ ಎಷ್ಟು ಸೇರಿಸಬೇಕು? ಒಬ್ಬರು ಕೇಳಿದ್ದಕ್ಕೆ ಇನ್ನೊಬ್ಬರು ತಮ್ಮ ಅಡುಗೆ ಮನೆಯಿಂದ ಫೋಟೊ ಸಮೇತ ಉತ್ತರ ಹಾಕಿದರು. ದೋಸೆ ಆಯಿತು, ರೊಟ್ಟಿ ಆಯಿತು, ಗುಲಾಬ್ ಜಾಮೂನೂ ಆಯಿತು. ಆ ವರ್ಷ ಜುಲೈ ತಿಂಗಳ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿ ಇದರ ಪ್ರಸ್ತಾಪ ಮಾಡಿದರು. ಬಹಳ ಬೇಗ ಇದು ಉತ್ತರ ಕನ್ನಡ, ದಕ್ಷಿಣ ಕನ್ನಡದ ಮನೆಮನೆಗಳಿಗೆ ಹಬ್ಬಿತು.

ಇಲ್ಲಿ ಪಾಠ ಮಾಡಿದ ಮೇಷ್ಟ್ರು ಒಬ್ಬರಿಲ್ಲ. ಇವತ್ತು ಕೇಳಿದವರು ನಾಳೆ ಹೇಳುವವರಾದರು. ಅದೂ ಹೆಚ್ಚಿನವರು ಹೆಂಗಸರು. ಕೃಷಿ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತಿದ್ದವರು.

ಇಲಾಖೆಯವರು ಹೇಳಿದರೆ ನಂಬದವರು ಪಕ್ಕದ ಮನೆಯವರು ಹೇಳಿದರೆ ನಂಬುತ್ತಾರೆ. ಯಾಕೆ?

ಪಕ್ಕದ ಮನೆಯವರ ಮಣ್ಣು, ಮಳೆ, ಕೆಲಸದ ಕಷ್ಟ, ಜೇಬು ನಮ್ಮ ಹಾಗೆಯೇ ಇರುತ್ತದೆ. ಅವರಿಗೆ ಆದದ್ದು ನಮಗೂ ಆದೀತು ಎಂಬ ಲೆಕ್ಕ. ಇದು ಹಟ ಅಲ್ಲ, ವಿವೇಕ.

ಅಮೆರಿಕದ ಅಯೋವಾದಲ್ಲಿ ಹೈಬ್ರಿಡ್ ಮೆಕ್ಕೆಜೋಳ ಹೇಗೆ ಹಬ್ಬಿತು ಎಂದು ಬ್ರೈಸ್ ರಯಾನ್ ಮತ್ತು ನೀಲ್ ಗ್ರಾಸ್ ಅಧ್ಯಯನ ಮಾಡಿ 1943ರಲ್ಲಿ ಪ್ರಕಟಿಸಿದರು. ಹೊಸ ಬೀಜದ ಸುದ್ದಿ ಹೆಚ್ಚಿನ ರೈತರಿಗೆ ಮೊದಲು ಮುಟ್ಟಿದ್ದು ಬೀಜ ಮಾರುವವರಿಂದ. ಬಿತ್ತುವ ಮನಸ್ಸು ಬಂದದ್ದು ಮಾತ್ರ ನೆರೆಹೊರೆಯವರಿಂದ. ಸುದ್ದಿ ಒಂದು ದಾರಿಯಿಂದ ಬರುತ್ತದೆ, ನಂಬಿಕೆ ಇನ್ನೊಂದು ದಾರಿಯಿಂದ.

ನಮ್ಮ ರಾಜ್ಯದಲ್ಲೇ ನಡೆದದ್ದು ಇನ್ನೂ ಸೊಗಸಾಗಿದೆ. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ರಿಕಿನ್ ಗಾಂಧಿ ಮತ್ತು ಜೊತೆಗಾರರು ‘ಡಿಜಿಟಲ್ ಗ್ರೀನ್’ ಎಂಬ ಕೆಲಸ ಶುರು ಮಾಡಿದರು. ಊರಿನ ರೈತರೇ ತಮ್ಮ ಹೊಲದಲ್ಲಿ ಮಾಡಿದ ಕೆಲಸದ ವಿಡಿಯೊ ತೆಗೆಯುವುದು. ಅದನ್ನು ಆಸುಪಾಸಿನ ಊರುಗಳಲ್ಲಿ ಗುಂಪು ಕೂಡಿಸಿ ತೋರಿಸುವುದು. ನಡುನಡುವೆ ವಿಡಿಯೊ ನಿಲ್ಲಿಸಿ ಮಾತಾಡಲು ಊರಿನವರೇ ಒಬ್ಬರು ಇರುತ್ತಿದ್ದರು. ವಿಡಿಯೊ ನೋಡಿದ ಜನ ಮೊದಲು ಕೇಳುತ್ತಿದ್ದ ಪ್ರಶ್ನೆ ಬೆಳೆಯದ್ದಲ್ಲ. ‘ಈತ ಯಾರು? ಯಾವ ಊರಿನವ?’ ಹದಿಮೂರು ತಿಂಗಳ ಪರೀಕ್ಷೆಯಲ್ಲಿ, ಕೃಷಿ ಸಿಬ್ಬಂದಿ ಊರಿಗೆ ಬಂದು ಹೇಳಿಕೊಡುವ ಮಾಮೂಲಿ ಪದ್ಧತಿಗೆ ಹೋಲಿಸಿದರೆ ಕೆಲವು ಕ್ರಮಗಳನ್ನು ಏಳು ಪಟ್ಟು ಹೆಚ್ಚು ಮಂದಿ ಅಳವಡಿಸಿಕೊಂಡರು.

ಯಾವುದೇ ವಿಡಿಯೊ ನೋಡುವಾಗಲೂ ನೀವು ಇದೇ ಪ್ರಶ್ನೆ ಕೇಳಿ. ಈತ ಯಾರು, ಯಾವ ಊರಿನವ. ಮಳೆ ಎಷ್ಟು ಬೀಳುವ ಊರು, ಗದ್ದೆ ಮಣ್ಣೋ ಗುಡ್ಡದ ಮಣ್ಣೋ, ನೀರು ಎಲ್ಲಿಂದ. ಉತ್ತರ ಸಿಗದಿದ್ದರೆ ಆ ವಿಡಿಯೊವನ್ನು ಸುದ್ದಿ ಎಂದು ತೆಗೆದುಕೊಳ್ಳಿ, ಪಾಠ ಎಂದಲ್ಲ.

ನಮ್ಮೂರಿನವರ ಗ್ರೂಪ್ ಒಂದೇ ಸಾಕಲ್ವಾ?

ನಂಬಿಕೆಗೆ ಸಾಕು. ಹೊಸ ವಿಷಯಕ್ಕೆ ಸಾಲದು.

ಒಂದೇ ಊರಿನವರಿಗೆ ಗೊತ್ತಿರುವುದು ಹೆಚ್ಚುಕಡಿಮೆ ಒಂದೇ. ನೀವು ಕೇಳಿದ್ದನ್ನೇ ಅವರೂ ಕೇಳಿರುತ್ತಾರೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಬರೆದ ಪ್ರಬಂಧ ಈ ವಿಷಯದಲ್ಲಿ ಬಹಳ ಪ್ರಸಿದ್ಧ. ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ವಿಚಾರಿಸಿದರು. ಸುದ್ದಿ ಕೊಟ್ಟವರನ್ನು ಆಗಾಗ ನೋಡುತ್ತಿದ್ದವರು ನೂರಕ್ಕೆ 17ರಷ್ಟು ಮಾತ್ರ. ಉಳಿದವರಿಗೆ ಸುದ್ದಿ ಬಂದದ್ದು ಯಾವಾಗಲೋ ಒಮ್ಮೆ ಸಿಗುವವರಿಂದ. ಹತ್ತಿರದವರು ನಮ್ಮ ವಲಯದಲ್ಲೇ ಇರುತ್ತಾರೆ. ದೂರದ ಪರಿಚಯದವರು ಬೇರೆ ವಲಯದ ಸುದ್ದಿ ತರುತ್ತಾರೆ.

ಹಾಗಾಗಿ ನನ್ನ ಸಲಹೆ ಇಷ್ಟು. ಊರಿನ ಗ್ರೂಪ್ ಒಂದಿರಲಿ. ಬೇರೆ ಜಿಲ್ಲೆಯವರೂ ಇರುವ, ನಿಮ್ಮ ಬೆಳೆಯದ್ದೇ ಗ್ರೂಪ್ ಇನ್ನೊಂದಿರಲಿ. ಸಾಧ್ಯವಾದರೆ ನಿಮ್ಮದಲ್ಲದ ಬೆಳೆಯ ಒಬ್ಬಿಬ್ಬರು ಗೆಳೆಯರಿರಲಿ. ಹನಿ ನೀರಾವರಿ ಬಗ್ಗೆ ಬಯಲುಸೀಮೆಯ ದಾಳಿಂಬೆ ಬೆಳೆಗಾರರಿಗೆ ಗೊತ್ತಿರುವುದು ಮಲೆನಾಡಿನ ನಮಗೆ ಗೊತ್ತಿಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತುತ್ತಿರುವ ಈ ಕಾಲದಲ್ಲಿ ಅದು ನಮಗೂ ಬೇಕು.

ಇಪ್ಪತ್ತು ಗ್ರೂಪಿನಲ್ಲಿದ್ದೇನೆ. ಓದಿ ಮುಗಿಯುವುದೇ ಇಲ್ಲ. ಏನು ಮಾಡಲಿ?

ಹದಿನೇಳರಿಂದ ಹೊರಗೆ ಬನ್ನಿ. ಶುಭೋದಯದ ಚಿತ್ರ, ರಾಜಕೀಯದ ಜಗಳ, ದಿನಕ್ಕೆ ನಾಲ್ಕು ಸಲ ಅಡಿಕೆ ಧಾರಣೆ, ಇಷ್ಟೇ ಬರುವ ಗ್ರೂಪಿನಲ್ಲಿ ಕಲಿಕೆ ಆಗುವುದಿಲ್ಲ. ಧಾರಣೆ ಬೇಕಿದ್ದರೆ ಬೇರೆ ಕಡೆ ಸಿಗುತ್ತದೆ.

ಎಲೆ ಹಳದಿಯಾದ ಫೋಟೊ ಹಾಕಿ ‘ಇದು ಯಾವ ರೋಗ, ಏನು ಹೊಡೆಯಬೇಕು’ ಎಂದು ಕೇಳಿದೆ. ಹತ್ತು ಮಂದಿ ಹತ್ತು ಉತ್ತರ ಕೊಟ್ಟರು. ಯಾರದು ಸರಿ?

ಆ ಪ್ರಶ್ನೆಗೆ ಹತ್ತೂ ಉತ್ತರ ಸರಿ ಇರಬಹುದು. ಅಡಿಕೆ ಸೋಗೆ ಹಳದಿಯಾಗಲು ಕಾರಣ ಹಲವು. ಬುಡದಲ್ಲಿ ನೀರು ನಿಂತು ಬೇರು ಉಸಿರಾಡದಿದ್ದರೆ ಹಳದಿಯಾಗುತ್ತದೆ. ಪೋಷಕಾಂಶ ಕಡಿಮೆಯಾದರೂ ಆಗುತ್ತದೆ. ಬೇರುಹುಳ ತಿಂದರೂ ಆಗುತ್ತದೆ. ಸುಳ್ಯದ ಸಂಪಾಜೆ ಕಡೆ, ಶೃಂಗೇರಿ ಕೊಪ್ಪದ ಕಡೆ ತೋಟಕ್ಕೆ ತೋಟವನ್ನೇ ತೆಗೆದ ಹಳದಿ ಎಲೆ ರೋಗವೂ ಇದೆ. ಅದು ಫೈಟೊಪ್ಲಾಸ್ಮಾ ಎಂಬ ಅತಿ ಸೂಕ್ಷ್ಮ ಜೀವಿಯಿಂದ ಬರುವುದು, ಔಷಧಿ ಹೊಡೆದರೆ ಹೋಗುವುದಿಲ್ಲ. ಒಂದು ಫೋಟೊದಲ್ಲಿ ಇವೆಲ್ಲ ಒಂದೇ ಥರ ಕಾಣುತ್ತವೆ.

ಆದ್ದರಿಂದ ಕೇಳುವ ಕ್ರಮ ಕಲಿಯಬೇಕು. ನಮ್ಮ ಬಳಗದಲ್ಲಿ ಹೀಗೆ ಕೇಳಿ ಎಂದು ಹೇಳುತ್ತೇವೆ:

ಊರು, ಮರದ ವಯಸ್ಸು, ಮಣ್ಣು, ನೀರಿನ ವ್ಯವಸ್ಥೆ ಮೊದಲು ಬರೆಯಿರಿ. ಫೋಟೊ ಮೂರು ಬೇಕು. ಇಡೀ ಮರದ್ದು ಒಂದು, ಸೋಗೆಯದ್ದು ಹತ್ತಿರದಿಂದ ಒಂದು, ಬುಡ ಮತ್ತು ಪಕ್ಕದ ಚರಂಡಿ ಕಾಣುವಂತೆ ಒಂದು. ಹಳದಿ ಶುರುವಾದದ್ದು ಯಾವ ಸೋಗೆಯಿಂದ, ಹೊರಗಿನದೋ ಸುಳಿಯ ಹತ್ತಿರದ್ದೋ? ಎಲೆಯ ತುದಿಯಿಂದಲೋ, ನಡುವಿನಿಂದಲೋ? ಒಂದೇ ಮರವೋ, ತಗ್ಗಿನಲ್ಲಿರುವ ಎಲ್ಲ ಮರಗಳೋ? ಅಡಿಕೆ ಒಡೆದು ನೋಡಿದರೆ ಒಳಗೆ ಬಣ್ಣ ಕೆಟ್ಟಿದೆಯೋ? ಹೋದ ಆರು ತಿಂಗಳಲ್ಲಿ ಏನೇನು ಹಾಕಿದ್ದೀರಿ?

ಇಷ್ಟು ಬರೆಯಲು ತೋಟಕ್ಕೆ ಒಂದು ಸುತ್ತು ಹೋಗಿ ಬರಲೇಬೇಕು. ಎಷ್ಟೋ ಸಲ ಆ ಸುತ್ತಿನಲ್ಲೇ ಉತ್ತರ ಸಿಗುತ್ತದೆ. ‘ಚರಂಡಿ ಕಟ್ಟಿಕೊಂಡಿದೆ ಮಾರಾಯ್ರೆ, ಈಗ ನೋಡಿದೆ’ ಎಂದು ಕೇಳಿದವರೇ ಬರೆಯುತ್ತಾರೆ. ಒಳ್ಳೆಯ ಬಳಗ ಮಾಡುವ ಮೊದಲ ಉಪಕಾರ ಇದು, ನಮ್ಮ ತೋಟವನ್ನು ನಾವೇ ಸರಿಯಾಗಿ ನೋಡುವ ಹಾಗೆ ಮಾಡುತ್ತದೆ.

ಇಷ್ಟಾದರೂ ಸಂಶಯ ಉಳಿದರೆ ಫೋಟೊ ಬಿಟ್ಟುಬಿಡಿ. ಮಣ್ಣು ಪರೀಕ್ಷೆ ಮಾಡಿಸಿ. ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ, ಕಾಸರಗೋಡಿನ ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ಅಥವಾ ಅದರ ವಿಟ್ಲದ ಕೇಂದ್ರಕ್ಕೋ ಹೋಗಿ. ಹೋಗುವಾಗ ಮೇಲಿನ ಉತ್ತರಗಳನ್ನೆಲ್ಲ ಬರೆದುಕೊಂಡು ಹೋಗಿ. ವಿಜ್ಞಾನಿಗಳಿಗೂ ಅದು ಬೇಕು.

ಫೋಟೊ ತೆಗೆದರೆ ರೋಗ ಹೇಳುವ ಆ್ಯಪ್ ಇದೆ, ಎಐ ಕನ್ನಡದಲ್ಲೇ ಉತ್ತರ ಕೊಡುತ್ತದೆ. ಇನ್ನು ಬಳಗ ಯಾಕೆ?

ಬಳಸಿ, ತಪ್ಪಿಲ್ಲ. ಪ್ಲಾಂಟಿಕ್ಸ್‌ನಂಥ ಆ್ಯಪ್ ಕನ್ನಡದಲ್ಲೂ ಇದೆ. ರೋಗದ ಹೆಸರು ತಿಳಿಯಲು, ಕೇಂದ್ರದಲ್ಲಿ ಏನು ಕೇಳಬೇಕೆಂದು ಗೊತ್ತು ಮಾಡಿಕೊಳ್ಳಲು, ಇಂಗ್ಲಿಷಿನಲ್ಲಿರುವ ಕರಪತ್ರವನ್ನು ಕನ್ನಡದಲ್ಲಿ ಓದಲು ಎಐ ಬಹಳ ಅನುಕೂಲ. ಅಂಜದೆ ಎಷ್ಟು ಸಲ ಬೇಕಾದರೂ ಕೇಳಬಹುದು, ಅದು ದೊಡ್ಡ ಸಂಗತಿ.

ಆದರೆ ಅದಕ್ಕೆ ನಿಮ್ಮ ತೋಟದ ಬುಡದಲ್ಲಿ ನಿಂತ ನೀರು ಕಾಣುವುದಿಲ್ಲ. ಗೊತ್ತಿಲ್ಲದ್ದನ್ನೂ ಧೈರ್ಯವಾಗಿ ಹೇಳುತ್ತದೆ. ಔಷಧಿಯ ಪ್ರಮಾಣದ ವಿಷಯದಲ್ಲಿ ಅದರ ಮಾತಿನ ಮೇಲೆ ಮಾತ್ರ ಹೋಗಬೇಡಿ. ಡಬ್ಬಿಯ ಮೇಲಿನ ಲೇಬಲ್ ಓದಿ, ತಿಳಿದವರನ್ನು ಕೇಳಿ. ಹೋದ ವರ್ಷ ಇದೇ ಸಲಹೆ ಪಾಲಿಸಿದ ಪಕ್ಕದ ಊರಿನವರ ತೋಟ ಈಗ ಹೇಗಿದೆ ಎಂದು ಆ್ಯಪ್ ಹೇಳಲಾರದು. ಬಳಗ ಹೇಳುತ್ತದೆ.

ಬೋರ್ಡೋಗೆ ಸುಣ್ಣ ಎಷ್ಟು ಎಂದರೆ ಒಬ್ಬೊಬ್ಬರು ಒಂದೊಂದು ಅಳತೆ ಹೇಳುತ್ತಾರೆ. ಯಾರ ಮಾತು ಕೇಳಲಿ?

ಪ್ರತಿ ಮಳೆಗಾಲದ ಮುಂಚೆ ಬರುವ ಪ್ರಶ್ನೆ ಇದು. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ, ಯಾಕೆಂದರೆ ಬಳಗದಿಂದ ಏನನ್ನು ಕಲಿಯಬೇಕು ಎಂಬುದಕ್ಕೂ ಉತ್ತರ ಇದರಲ್ಲೇ ಇದೆ.

ಶೇಕಡಾ 1ರ ದ್ರಾವಣಕ್ಕೆ ಪುಸ್ತಕದ ಲೆಕ್ಕ: 1 ಕಿಲೊ ಮೈಲುತುತ್ತು, 1 ಕಿಲೊ ಸುಣ್ಣ, 100 ಲೀಟರ್ ನೀರು. ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ ಬೇರೆ, ಸುಣ್ಣವನ್ನು 50 ಲೀಟರ್ ನೀರಿನಲ್ಲಿ ಬೇರೆ ಕರಗಿಸಬೇಕು. ಪ್ಲಾಸ್ಟಿಕ್ ಡ್ರಮ್ ಬಳಸಿ, ಕಬ್ಬಿಣದ್ದು ಬೇಡ. ಆಮೇಲೆ ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಕದಡುತ್ತಾ ಸುರಿಯಬೇಕು. ಒಳ್ಳೆಯ ಆಕಾಶ ನೀಲಿ ಬಣ್ಣ ಬರಬೇಕು. ಅದೇ ದಿನ ಹೊಡೆದು ಮುಗಿಸಬೇಕು.

ಹಾಗಾದರೆ ಅಳತೆ ಯಾಕೆ ಬೇರೆ ಬೇರೆ? ಸುಣ್ಣ ಎಲ್ಲ ಕಡೆ ಒಂದೇ ಗುಣದ್ದಲ್ಲ. ಆಗ ತಾನೇ ಸುಟ್ಟ ಚಿಪ್ಪಿನ ಸುಣ್ಣದ ಶಕ್ತಿ ಬೇರೆ, ಗಾಳಿಯಲ್ಲಿ ತಿಂಗಳುಗಟ್ಟಲೆ ಇಟ್ಟ ಪುಡಿ ಸುಣ್ಣದ ಶಕ್ತಿ ಬೇರೆ. ಒಬ್ಬರಿಗೆ ಮುಕ್ಕಾಲು ಕಿಲೊ ಸಾಕಾಗಿರಬಹುದು, ಇನ್ನೊಬ್ಬರಿಗೆ ಒಂದೂವರೆ ಬೇಕಾಗಿರಬಹುದು. ಇಬ್ಬರೂ ಸತ್ಯವನ್ನೇ ಹೇಳುತ್ತಿದ್ದಾರೆ.

ಇದಕ್ಕೆ ಹಿರಿಯರಿಗೆಲ್ಲ ಗೊತ್ತಿರುವ ಪರೀಕ್ಷೆ ಇದೆ. ಚೆನ್ನಾಗಿ ತಿಕ್ಕಿ ಹೊಳೆಯುವಂತೆ ಮಾಡಿದ ಕಬ್ಬಿಣದ ಚೂರಿಯನ್ನೋ ಕತ್ತಿಯನ್ನೋ ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿದರೆ ಮೈಲುತುತ್ತು ಇನ್ನೂ ಬಿಡಿಯಾಗಿದೆ ಎಂದರ್ಥ. ಹಾಗೇ ಹೊಡೆದರೆ ಎಳೆ ಕಾಯಿ, ಹಿಂಗಾರ ಸುಡುತ್ತದೆ. ಸುಣ್ಣದ ನೀರು ಇನ್ನಷ್ಟು ಸೇರಿಸಿ, ಕದಡಿ, ಚೂರಿ ತಿಕ್ಕಿ ಮತ್ತೆ ಅದ್ದಿ. ಕೆಂಪು ಹತ್ತುವುದು ನಿಂತಾಗ ದ್ರಾವಣ ಹದಕ್ಕೆ ಬಂತು.

ಬಳಗದಲ್ಲಿ ಅಂಕಿ ಕೇಳುವುದಕ್ಕಿಂತ ಇಂಥ ಪರೀಕ್ಷೆ ಕೇಳಿ. ‘ಎಷ್ಟು ಹಾಕಿದಿರಿ’ ಎಂಬುದರ ಜೊತೆಗೆ ‘ಸರಿಯಾಯಿತು ಎಂದು ಹೇಗೆ ಗೊತ್ತಾಯಿತು’ ಎಂದು ಕೇಳಿ. ಮೊದಲನೆಯದು ಅವರ ತೋಟಕ್ಕೆ. ಎರಡನೆಯದು ಎಲ್ಲರ ತೋಟಕ್ಕೆ.

ಯೂಟ್ಯೂಬ್ ನೋಡಿಯೇ ಕಸಿ ಕಟ್ಟುವುದು, ದೋಟಿ (ನೆಲದಲ್ಲೇ ನಿಂತು ಅಡಿಕೆ ಕೊಯ್ಯುವ, ಔಷಧಿ ಹೊಡೆಯುವ ಉದ್ದ ಕೋಲು) ಬಳಸುವುದು ಕಲಿಯಬಹುದೇ?

ಅರ್ಧ ಕಲಿಯಬಹುದು. ಉಳಿದರ್ಧ ಕೈಯೇ ಕಲಿಯಬೇಕು.

ಶಿಕಾಗೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೇಜಿನ ಮೇಲೆ ಪಾತ್ರೆಗಳಿರುವಾಗಲೇ ಬಟ್ಟೆಯನ್ನು ಸರಕ್ಕನೆ ಎಳೆದು ತೆಗೆಯುವ ಆಟ ಗೊತ್ತಲ್ವಾ? ಅಂಥ ವಿಡಿಯೊಗಳನ್ನು ಜನರಿಗೆ ತೋರಿಸಿದರು. ಹೆಚ್ಚು ಸಲ ನೋಡಿದವರಿಗೆ ‘ನನಗೂ ಬರುತ್ತದೆ’ ಎಂಬ ಧೈರ್ಯ ಹೆಚ್ಚಾಯಿತು. ಇಂಥ ಕೈಚಳಕಗಳನ್ನು ನಿಜವಾಗಿ ಮಾಡಿಸಿ ನೋಡಿದಾಗ ಕೌಶಲ ಮಾತ್ರ ಹೆಚ್ಚಾಗಿರಲಿಲ್ಲ. ಬರೀ ನೋಡುವುದರಿಂದ ಬರುವ ಅಪಾಯ ಇದೇ. ಬಂದುಬಿಟ್ಟಿದೆ ಅನಿಸುತ್ತದೆ.

ಕಾಳುಮೆಣಸನ್ನು ಹಿಪ್ಪಲಿ ಗಿಡದ ಮೇಲೆ ಕಸಿ ಕಟ್ಟುವ ವಿಡಿಯೊ ನೂರಾರಿವೆ. ಸೊರಗು ರೋಗ ತಡೆಯುವ ಬೇರು ಸಿಗುತ್ತದೆಂದು ಇದಕ್ಕೆ ಬೇಡಿಕೆಯೂ ಇದೆ. ವಿಡಿಯೊದಲ್ಲಿ ಕಾಣುವುದು ಬ್ಲೇಡಿನ ಓಟ. ಕಾಣದೇ ಇರುವುದು, ಎಷ್ಟು ಒತ್ತಿದರೆ ಎಳೆ ಕಾಂಡ ಜಜ್ಜಿಹೋಗುತ್ತದೆ, ಪ್ಲಾಸ್ಟಿಕ್ ಪಟ್ಟಿ ಎಷ್ಟು ಬಿಗಿ ಇರಬೇಕು, ಯಾವ ಹದದ ಕುಡಿ ಆರಿಸಬೇಕು ಎಂಬುದು. ಅದು ಕಸಿ ಬಲ್ಲವರು ಪಕ್ಕದಲ್ಲಿ ಕೂತು, ನಿಮ್ಮ ಬೆರಳು ಹಿಡಿದು ‘ಇಷ್ಟು’ ಎಂದಾಗ ಬರುತ್ತದೆ.

ದೋಟಿಯ ವಿಷಯವೂ ಹಾಗೇ. ಮರ ಹತ್ತುವವರು ಸಿಗದ ಕಾಲದಲ್ಲಿ ಕಾರ್ಬನ್ ಫೈಬರ್ ದೋಟಿ ಬಂದು ಎಷ್ಟೋ ತೋಟ ಉಳಿಯಿತು. ಅದು ಹಬ್ಬಿದ್ದೇ ವಿಡಿಯೊಗಳಿಂದ. ಆದರೆ ಒಂದು ಮಾತು ಹಲವು ವಿಡಿಯೊಗಳಲ್ಲಿ ಇಲ್ಲ: ಕಾರ್ಬನ್ ಫೈಬರ್‌ನಲ್ಲಿ ಕರೆಂಟ್ ಹರಿಯುತ್ತದೆ. ತೋಟದ ಮೇಲೆ ಅಥವಾ ಪಕ್ಕದಲ್ಲಿ ವಿದ್ಯುತ್ ತಂತಿ ಇದ್ದರೆ ಅಲ್ಲಿ ದೋಟಿ ಎತ್ತಲೇಬೇಡಿ. ತರಬೇತಿ ಶಿಬಿರಕ್ಕೆ ಹೋದರೆ ಇದನ್ನು ಮೊದಲ ಗಂಟೆಯಲ್ಲೇ ಹೇಳುತ್ತಾರೆ. ಕತ್ತು, ಭುಜ ನೋಯದಂತೆ ನಿಲ್ಲುವುದು ಹೇಗೆ ಎಂದೂ ತೋರಿಸುತ್ತಾರೆ. ನಿಮ್ಮ ಹತ್ತಿರ ಶಿಬಿರ ನಡೆದರೆ ಬಿಡಬೇಡಿ.

ನನ್ನ ಕ್ರಮ ಕೇಳುತ್ತೀರಾದರೆ: ಮೊದಲು ವಿಡಿಯೊ ನೋಡಿ, ಆಮೇಲೆ ಮಾಡುವವರ ಮನೆಗೆ ಹೋಗಿ, ಮನೆಗೆ ಬಂದು ಮಾಡಿ, ಎಡವಿದ ಕಡೆ ಮತ್ತೆ ಅದೇ ವಿಡಿಯೊ ನೋಡಿ. ಎರಡನೇ ಸಲ ನೋಡುವಾಗ ಮೊದಲ ಸಲ ಕಾಣದ್ದು ಕಾಣುತ್ತದೆ.

‘ಎಕರೆಗೆ ಇಷ್ಟು ಲಕ್ಷ’ ಎನ್ನುವ ವಿಡಿಯೊಗಳನ್ನು ನಂಬಬಹುದೇ?

ಕೊನೆಯಲ್ಲಿ ಗಿಡ ಮಾರುವ ನರ್ಸರಿಯ ಫೋನ್ ನಂಬರ್ ಬಂದರೆ ಅದು ಜಾಹೀರಾತು. ಮಾರುವುದು ತಪ್ಪಲ್ಲ. ಆದರೆ ಅದನ್ನು ಅನುಭವ ಎಂದು ತಿಳಿಯಬೇಡಿ.

ಮೂರು ವಿಷಯ ವಿಚಾರಿಸಿ. ಅವರ ಆದಾಯ ಫಸಲಿನಿಂದಲೋ, ಸಸಿ ಮಾರಿಯೋ? ಬೆಳೆದದ್ದನ್ನು ಕೊಳ್ಳುವವರು ಯಾರು, ನಮ್ಮ ಊರಿನಿಂದ ಎಷ್ಟು ದೂರ? ನಾಲ್ಕೈದು ವರ್ಷ ಹಿಂದೆ ನೆಟ್ಟವರು ಈಗ ಏನು ಹೇಳುತ್ತಾರೆ? ಮೂರನೆಯದಕ್ಕೆ ಉತ್ತರ ಬಳಗದಲ್ಲೇ ಸಿಗಬೇಕು. ಗೆದ್ದವರ ವಿಡಿಯೊ ಎಲ್ಲರೂ ಮಾಡುತ್ತಾರೆ, ಗಿಡ ಕಿತ್ತು ಹಾಕಿದವರ ವಿಡಿಯೊ ಯಾರೂ ಮಾಡುವುದಿಲ್ಲ. ಸಾಲ ಮಾಡಿ ಹೊಸ ಬೆಳೆ ಹಾಕಿ ಕಷ್ಟಕ್ಕೆ ಬಿದ್ದ ಮನೆಗಳಿವೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಹೊಸದನ್ನು ಹತ್ತು ಗಿಡಗಳಲ್ಲಿ ನೋಡಿ, ಹತ್ತು ಎಕರೆಯಲ್ಲಲ್ಲ.

ಎಲ್ಲ ಮೊಬೈಲಿನಲ್ಲೇ ಇದೆ. ನೆನಪಿಟ್ಟುಕೊಳ್ಳುವ ಅಗತ್ಯ ಇದೆಯೇ?

ಇದೆ. 2011ರಲ್ಲಿ ಬೆಟ್ಸಿ ಸ್ಪ್ಯಾರೊ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗಗಳ ಪ್ರಕಾರ, ಮಾಹಿತಿ ಕಂಪ್ಯೂಟರಿನಲ್ಲಿ ಉಳಿಯುತ್ತದೆ ಎಂದು ಗೊತ್ತಿದ್ದಾಗ ಜನ ಮಾಹಿತಿಗಿಂತ ಅದು ಎಲ್ಲಿದೆ ಎಂಬುದನ್ನು ಚೆನ್ನಾಗಿ ನೆನಪಿಡುತ್ತಾರೆ. ವಾಟ್ಸಾಪಿನಲ್ಲಿ ಅದು ಎಲ್ಲಿದೆ ಎಂಬುದೂ ನೆನಪಿರುವುದಿಲ್ಲ, ಅದೇ ತೊಂದರೆ.

ಒಳ್ಳೆಯ ಮೆಸೇಜ್ ಬಂದ ಕೂಡಲೇ ಸ್ಟಾರ್ ಹಾಕಿ. ಅದಕ್ಕಿಂತ ಒಳ್ಳೆಯದು, ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಎಡಗಡೆ ಪುಟದಲ್ಲಿ ಕೇಳಿದ್ದು, ಯಾರಿಂದ, ಯಾವ ಊರು. ಬಲಗಡೆ ಪುಟದಲ್ಲಿ ನಾವು ಮಾಡಿದ್ದು, ತಾರೀಕು, ಏನಾಯಿತು. ಬಲಗಡೆ ಖಾಲಿ ಉಳಿದರೆ ಆ ವಿಷಯ ನಾವಿನ್ನೂ ಕಲಿತಿಲ್ಲ, ಕೇಳಿದ್ದೇವೆ ಅಷ್ಟೇ. ಎರಡು ಮಳೆಗಾಲ ದಾಟಿದ ಇಂಥ ಪುಸ್ತಕಕ್ಕೆ ಬೆಲೆ ಕಟ್ಟಲಾಗದು.

ನಮ್ಮಪ್ಪನಿಗೆ ಸ್ಮಾರ್ಟ್‌ಫೋನ್ ಬರುವುದಿಲ್ಲ. ಅವರು ಹಿಂದೆ ಬಿದ್ದ ಹಾಗಾಯಿತಾ?

ಖಂಡಿತ ಇಲ್ಲ. ಗ್ರೂಪಿಗೆ ಅವರು ಬೇಕು, ಅವರಿಗೆ ಗ್ರೂಪ್ ಬೇಕಾದದ್ದಕ್ಕಿಂತ ಜಾಸ್ತಿ. ವಾಯ್ಸ್ ಮೆಸೇಜ್ ಕೇಳಿಸಿ, ಅವರ ಉತ್ತರವನ್ನು ಅವರ ದನಿಯಲ್ಲೇ ರೆಕಾರ್ಡ್ ಮಾಡಿ ಹಾಕಿ. ಟೈಪ್ ಮಾಡಲು ಬಾರದ ಹಿರಿಯರು ಮಾತಾಡಲು ಶುರು ಮಾಡಿದರೆ ಬಳಗದ ಮಟ್ಟವೇ ಏರುತ್ತದೆ.

ಮಾಮೂಲಿ ಫೋನ್ ಸಾಕಾಗುವ ದಾರಿಯೂ ಇದೆ. 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರ್‌ಗೆ 1800-180-1551 ನಂಬರಿನಲ್ಲಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಗ್ರೂಪಿನಲ್ಲಿ ಇರುವವರೆಲ್ಲ ತೋಟದ ಯಜಮಾನರೇ. ಕೆಲಸ ಮಾಡುವವರು ಎಲ್ಲಿ?

ಈ ಪ್ರಶ್ನೆ ಕೇಳುವವರು ಕಡಿಮೆ, ಆದರೂ ಸೇರಿಸಿದ್ದೇನೆ. ಮರದ ತುದಿಯನ್ನು ಹತ್ತಿರದಿಂದ ನೋಡುವವರು ಕೊನೆ ಕೊಯ್ಯುವವರು. ಸುಳಿ ಕೊಳೆತದ್ದು, ಹಿಂಗಾರ ಒಣಗಿದ್ದು ಮೊದಲು ಕಾಣುವುದು ಅವರಿಗೆ. ದಿನಕ್ಕೊಂದು ತೋಟ ಹತ್ತುವುದರಿಂದ ಯಾವ ಊರಿನಲ್ಲಿ ಎಲೆಚುಕ್ಕಿ ರೋಗ ಎಲ್ಲಿಯವರೆಗೆ ಬಂದಿದೆ ಎಂದು ನಮಗಿಂತ ಮುಂಚೆ ಅವರಿಗೆ ಗೊತ್ತಿರುತ್ತದೆ. ಇಂಥವರನ್ನು ಬಿಟ್ಟು ನಡೆಯುವ ಕಲಿಕೆ ಅರ್ಧ ಕಲಿಕೆ. ಅವರ ಕೈಯಲ್ಲೂ ಮೊಬೈಲ್ ಇದೆ. ಗ್ರೂಪಿಗೆ ಸೇರಿಸಿ, ಹೆಸರು ಹಿಡಿದು ಅಭಿಪ್ರಾಯ ಕೇಳಿ, ಅವರು ಹೇಳಿದ್ದನ್ನು ಅವರ ಹೆಸರಲ್ಲೇ ಮುಂದೆ ಕಳಿಸಿ. ಮನೆಯ ಹೆಂಗಸರ ವಿಷಯದಲ್ಲೂ ಇದೇ ಮಾತು. ಗ್ರೂಪಿನಲ್ಲಿ ಗಂಡನ ನಂಬರ್ ಮಾತ್ರ ಇದ್ದರೆ ಹಟ್ಟಿ, ಗೊಬ್ಬರ, ಸಸಿ ಮಡಿಯ ಅನುಭವ ಹೊರಗೆ ಬರುವುದೇ ಇಲ್ಲ.

ನಾನು ಬೆಂಗಳೂರಿನಲ್ಲಿದ್ದೇನೆ. ಅಪ್ಪ ಅಮ್ಮ ಊರಲ್ಲಿ. ದೂರದಿಂದಲೇ ತೋಟ ಕಲಿಯಬಹುದೇ?

ಕೊಲ್ಲಿ ದೇಶದಲ್ಲಿ, ಅಮೆರಿಕದಲ್ಲಿ ಇರುವವರೂ ಇದನ್ನೇ ಕೇಳುತ್ತಾರೆ. ವಿಷಯ ತಿಳಿಯಬಹುದು. ವಾರಕ್ಕೊಮ್ಮೆ ವಿಡಿಯೊ ಕಾಲ್ ಮಾಡಿ ಅಪ್ಪನ ಜೊತೆ ತೋಟ ಸುತ್ತಿ, ‘ಇದು ಯಾಕೆ ಹೀಗೆ’ ಎಂದು ಕೇಳಿ. ಮಾರುಕಟ್ಟೆ, ಸಬ್ಸಿಡಿ ಅರ್ಜಿ, ಆನ್‌ಲೈನ್ ಖರೀದಿ ನೀವು ನೋಡಿಕೊಳ್ಳಿ. ಆದರೆ ಗ್ರೂಪಿನಲ್ಲಿ ಓದಿದ್ದನ್ನೆಲ್ಲ ಫೋನಿನಲ್ಲೇ ಅಪ್ಪನಿಗೆ ಆರ್ಡರ್ ಮಾಡಬೇಡಿ. ರಜೆ ಹಾಕಿ ಬರುವುದಾದರೆ ಹಬ್ಬಕ್ಕಿಂತ ಔಷಧಿ ಹೊಡೆಯುವ ವಾರ ಬನ್ನಿ.

ನಮ್ಮ ಊರಿಗೆ ಒಂದು ಕಲಿಕಾ ಬಳಗ ಶುರು ಮಾಡಬೇಕು. ಹೇಗೆ?

ಒಂದೇ ಬೆಳೆಯಿಂದ, ನಲವತ್ತು ಐವತ್ತು ಜನರಿಂದ ಶುರು ಮಾಡಿ. ವಾಟ್ಸಾಪ್ 1024 ಜನರವರೆಗೆ ಬಿಡುತ್ತದೆ ಎಂದು ತುಂಬಿಸಬೇಡಿ. ಮುಖ ಪರಿಚಯ ಇಲ್ಲದ ಕಡೆ ಜನ ‘ನನಗೆ ಗೊತ್ತಿಲ್ಲ’ ಎಂದು ಹೇಳಲು ಹಿಂಜರಿಯುತ್ತಾರೆ.

ನಿಯಮ ಜಾಸ್ತಿ ಬೇಡ. ಮಾಡಿ ನೋಡಿದ್ದೋ, ಕೇಳಿದ್ದೋ ಎಂದು ಹೇಳಿಯೇ ಉತ್ತರ ಕೊಡಬೇಕು. ಫಾರ್ವರ್ಡ್ ಬೇಡ. ಸಲಹೆ ಪಡೆದವರು ಫಲಿತಾಂಶ ಹೇಳಲೇಬೇಕು, ವಿಫಲವಾದರೂ ಸರಿ, ವಿಫಲವಾದರೆ ಇನ್ನೂ ಅಗತ್ಯ. ಈ ಮೂರನೆಯದು ಕಷ್ಟ. ನೋಡಿಕೊಳ್ಳುವವರು ಎರಡು ತಿಂಗಳ ನಂತರ ‘ಭಟ್ರೇ, ಆ ಗಿಡ ಏನಾಯ್ತು?’ ಎಂದು ನೆನಪು ಮಾಡಿ ಕೇಳಬೇಕು. ಹೀಗೆ ಬಂದ ಉತ್ತರಗಳನ್ನು ವರ್ಷಕ್ಕೊಮ್ಮೆ ಒಟ್ಟು ಮಾಡಿ ನಾಲ್ಕು ಪುಟ ಬರೆದಿಡಿ, ಹೊಸಬರಿಗೆ ಕೊಡಿ.

ಎರಡು ಮೂರು ತಿಂಗಳಿಗೊಮ್ಮೆ ಯಾರದಾದರೂ ತೋಟದಲ್ಲಿ ಸೇರಿ. ಭಾಷಣ ಬೇಡ, ಸುತ್ತಾಡಿ, ಊಟ ಮಾಡಿ. ಹಾಗೆ ಸೇರಿದ ಮರುದಿನ ಗ್ರೂಪಿನಲ್ಲಿ ಬರುವ ಪ್ರಶ್ನೆಗಳ ಗುಣವೇ ಬೇರೆ ಇರುತ್ತದೆ.

ಶುರು ಮಾಡಲು ಒಳ್ಳೆಯ ಸಮಯ ಮೇ ತಿಂಗಳ ಮೊದಲ ವಾರ. ಮಳೆ ಹಿಡಿಯುವ ಮೊದಲು ಮೊದಲ ಔಷಧಿ ಹೊಡೆದಾಗಬೇಕು, ಆಮೇಲೆ 40-45 ದಿನಕ್ಕೆ ಎರಡನೆಯದು. ಮೈಲುತುತ್ತು ಎಲ್ಲಿ ಸಿಗುತ್ತದೆ, ಸುಣ್ಣ ಹೇಗಿದೆ, ದೋಟಿಯವರು ಯಾವಾಗ ಬರುತ್ತಾರೆ ಎಂದು ಎಲ್ಲರಿಗೂ ಕೇಳುವುದಿರುತ್ತದೆ.